ಗ್ರೀನ್ ಕಾರ್ಡೂ ನಮ್ಮ ಕುಟುಂಬಗಳೂ

ಹೊರನಾಡಿನ ಕನ್ನಡ ಸಂಘವೊಂದರ ತ್ರೈಮಾಸಿಕದಲ್ಲಿ ಅನ್ಯದೇಶದ ವಲಸೆ ಕಾನೂನನ್ನು ಕುರಿತು ಸಂಪಾದಕೀಯ ಬರೆಯಬೇಕಾದೀತೆಂದು ಮೂವತ್ತು ವರ್ಷಗಳ ಹಿಂದೆ ಯಾರೂ ಎಣಿಸಿರಲಾರರು. ಮಹಾಜನ ವರದಿ, ಗಡಿಭಾಗದ ಕನ್ನಡ ಶಾಲೆಗಳ ದುಃಸ್ಥಿತಿ, ರಾಜ್ಯೋತ್ಸವದ ವರದಿ ಇವೇ ಇಂಥ ಪುಟಗಳ ವಾಡಿಕೆಯ ಸಾಮಗ್ರಿಯಾಗಿದ್ದವು. ಇಂದು ನಿಗಡಿ ಪ್ರಾಧಿಕರಣದ ಯಾವುದೇ ಸೆಕ್ಟರಿನಲ್ಲಿ ನಾಲ್ಕು ಕನ್ನಡ ಮನೆಗಳ ಹಿರಿಯರು ಒಟ್ಟಿಗೆ ಕುಳಿತರೆ, ಮಳೆ-ಬೆಳೆಯ ಮಾತು ಮುಗಿಯುವ ಮುನ್ನವೇ ಮಗನ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು, ಸೊಸೆಗೆ ಕೆಲಸ ಮಾಡುವ ಪರವಾನಗಿ ಸಿಕ್ಕಿತೇ, ನಿಮ್ಮನ್ನು ಯಾವಾಗ ಕರೆಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳು ಏಳುತ್ತವೆ. ಮನೆಮನೆಯ ಮಾತಾಗಿರುವ ಈ ವಿಷಯ ಸಂಘದ ಮಾತಾಗದೆ ಉಳಿಯುವುದು ಸರಿಯಲ್ಲ. ಕುಟುಂಬವನ್ನು ಕರೆಸಿಕೊಳ್ಳುವುದೆಂದರೇನು, ಅದರಲ್ಲಿ ಯಾರು ಒಳಗೆ, ಯಾರು ಹೊರಗೆ, ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಮೊದಲು ನಮ್ಮದೇ ವಲಸೆಯನ್ನು ನೆನೆಯಬೇಕು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಮುಂದಿನ ದಶಕದಲ್ಲಿ ಆಕುರ್ಡಿಯಲ್ಲಿ ಬಜಾಜ್ ಆಟೋ, ಅದರ ನೆರೆಯಲ್ಲೇ ಟೆಲ್ಕೋ ಕಾರ್ಖಾನೆಗಳು ಬೆಳೆದವು. ಬಿಜಾಪುರ, ಬೆಳಗಾವಿ, ಕಲಬುರ್ಗಿ, ಧಾರವಾಡಗಳಿಂದ ಐ.ಟಿ.ಐ. ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಬಂದ ತರುಣರು, ಉಡುಪಿ ಕಡೆಯಿಂದ ಹೋಟೆಲಿನ ಕೆಲಸಕ್ಕೆ ಬಂದವರು, ಕೇಂದ್ರ ಸರಕಾರದ ನೌಕರಿಯ ಮೇಲೆ ವರ್ಗವಾಗಿ ಬಂದವರು, ಹೀಗೆ ಈ ಬಯಲಿಗೆ ಕನ್ನಡ ಬಂತು. 1972ರಲ್ಲಿ ಹುಟ್ಟಿದ ನವನಗರ ವಿಕಾಸ ಪ್ರಾಧಿಕರಣವು ನಿವೇಶನಗಳನ್ನು ಕೊಟ್ಟಿತು, ಗುಡ್ಡದ ಬದಿಯ ಬೋಳು ನೆಲದ ಮೇಲೆ ಮನೆಗಳು ಎದ್ದವು. ಎರಡು ವರ್ಷ ಒಂದೇ ಕೋಣೆಯಲ್ಲಿ ನಾಲ್ವರೊಂದಿಗೆ ಇದ್ದು, ನೌಕರಿ ಕಾಯಮ್ಮಾದೊಡನೆ ಊರಿಗೆ ಹೋಗಿ, ಮೀರಜಿನಲ್ಲಿ ಗಾಡಿ ಬದಲಿಸಿ, ಹೆಂಡತಿಯನ್ನೂ ಕೂಸನ್ನೂ ಟ್ರಂಕನ್ನೂ ಕರೆತಂದವರು ನಮ್ಮಲ್ಲಿ ಎಷ್ಟೋ ಮಂದಿ. ಅವರು ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಕರೆತರುವಾಗಲೂ ಯಾವ ಅಧಿಕಾರಿಯೂ ಅವರ ಸಂಬಳದ ಚೀಟಿಯನ್ನು ನೋಡಲಿಲ್ಲ. ಸಂವಿಧಾನದ 19ನೆಯ ವಿಧಿ ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಗಾಳಿಯಂತೆ ಸಹಜವೆಂದು ನಾವು ಭಾವಿಸಿರುವ ಈ ಹಕ್ಕು ಎಷ್ಟು ದೊಡ್ಡದೆಂಬುದು ನಮ್ಮ ಮಕ್ಕಳು ಹೊರದೇಶಕ್ಕೆ ಹೋದ ಮೇಲೆಯೇ ನಮಗೆ ತಿಳಿಯಿತು.

ದೇಶದೊಳಗೂ ತೊಡಕುಗಳಿಲ್ಲವೆಂದಲ್ಲ. ಮಹಾರಾಷ್ಟ್ರದ ಅಧಿವಾಸ ಪ್ರಮಾಣಪತ್ರಕ್ಕೆ 15 ವರ್ಷಗಳ ವಾಸವನ್ನು ತೋರಿಸಬೇಕು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಕುಟುಂಬ ಇಲ್ಲಿಗೆ ಬಂದರೆ ಆ ಸೌಲಭ್ಯ ತಾನಾಗಿ ಹಿಂಬಾಲಿಸಿ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿಯೇ ಹೇಳಿದೆ. ಇವು ಸವಲತ್ತಿನ ಪ್ರಶ್ನೆಗಳು. ಆದರೆ ಗಂಡ, ಹೆಂಡತಿ, ಮಕ್ಕಳು ಒಂದೇ ಸೂರಿನಡಿ ಇರಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಹೊರದೇಶದಲ್ಲಿ ಮೊದಲು ಎದುರಾಗುವುದೇ ಆ ಪ್ರಶ್ನೆ.

ಇದು ಇಂದು ನಿನ್ನೆಯದಲ್ಲ. 1908ರಲ್ಲಿ ಕೆನಡಾ ಸರಕಾರವು ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂಬ ನಿಯಮವನ್ನು ಮಾಡಿತು. ಭಾರತದಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲ. ಅದಾಗಲೇ ಅಲ್ಲಿ ದುಡಿಯುತ್ತಿದ್ದ ಪಂಜಾಬಿನ ಗಂಡಸರು ಹೆಂಡತಿ-ಮಕ್ಕಳಿಲ್ಲದೆ ವರ್ಷಗಟ್ಟಲೆ ಕಳೆದರು. 1918ರ ಸಾಮ್ರಾಜ್ಯ ಸಮರ ಸಮ್ಮೇಳನದ ಠರಾವಿನ ನಂತರವೇ, 1919ರಲ್ಲಿ, ಆ ಬಾಗಿಲು ತುಸು ತೆರೆಯಿತು. ದಕ್ಷಿಣ ಆಫ್ರಿಕದ ಕಥೆ ಇನ್ನೂ ಕಟುವಾದುದು. 1913ರ ಮಾರ್ಚಿಯಲ್ಲಿ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು ಕೊಟ್ಟ ತೀರ್ಪಿನಿಂದ, ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮಗಳ ವಿಧಿಯಂತೆ ನಡೆದ ಮದುವೆಗಳಿಗೆ ಅಲ್ಲಿ ಮಾನ್ಯತೆ ಇಲ್ಲದಂತಾಯಿತು. ಹಿಂದೂ, ಮುಸ್ಲಿಂ, ಪಾರಸಿ ಗೃಹಿಣಿಯರು ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಪತ್ನಿಯರಲ್ಲದವರಾದರು. ಆ ಅವಮಾನವೇ ಹೆಣ್ಣುಮಕ್ಕಳನ್ನು ಸತ್ಯಾಗ್ರಹದ ಸಾಲಿಗೆ ಕರೆತಂದಿತು. ಅದೇ ವರ್ಷ ಕಸ್ತೂರಬಾ ಗಡಿ ದಾಟಿ ಸೆರೆಮನೆ ಸೇರಿದರು. 1914ರ ಪರಿಹಾರ ಕಾಯ್ದೆ ಒಬ್ಬ ಪತ್ನಿಯ ಮದುವೆಗೆ ಮಾನ್ಯತೆ ಕೊಡಬೇಕಾಯಿತು. ತನ್ನ ದಾಂಪತ್ಯದ ಮಾನ್ಯತೆಗಾಗಿ ಪರದೇಶದ ಜೈಲು ಕಂಡ ಆ ತಾಯಿ 1944ರ ಫೆಬ್ರುವರಿ 22ರಂದು ಕಣ್ಣು ಮುಚ್ಚಿದ್ದು ನಮ್ಮ ಪುಣೆಯ ಆಗಾಖಾನ್ ಅರಮನೆಯಲ್ಲಿ. ಊರಿನಿಂದ ಬಂದ ನೆಂಟರನ್ನು ಆ ಸಮಾಧಿಗೆ ಕರೆದೊಯ್ಯುವಾಗ ಈ ಸಂಗತಿಯನ್ನೂ ಹೇಳುವುದು ಯೋಗ್ಯ.

ಅಮೆರಿಕದ ವಿಷಯಕ್ಕೆ ಬರೋಣ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಅಲ್ಲಿನ ಪೌರತ್ವಕ್ಕೆ ಅರ್ಹರಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 1946ರಲ್ಲಿ ವರ್ಷಕ್ಕೆ 100 ಮಂದಿಯ ಕೋಟಾ ದೊರೆಯಿತು. 1965ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಮಾಡಿದ ಕಾಯ್ದೆಯು ಜನಾಂಗದ ಲೆಕ್ಕವನ್ನು ಕೈಬಿಟ್ಟು ಬಂಧುತ್ವವನ್ನು ಮುಖ್ಯ ಆಧಾರವನ್ನಾಗಿ ಮಾಡಿಕೊಂಡಿತು. ಇಂದಿನ ಇಡೀ ವ್ಯವಸ್ಥೆಯ ತಳಹದಿ ಅದೇ. ಅದರ ಪ್ರಕಾರ ಅಮೆರಿಕದ ಪೌರನ ಪತಿ ಅಥವಾ ಪತ್ನಿ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಮತ್ತು (ಪೌರನಿಗೆ 21 ತುಂಬಿದ್ದರೆ) ತಂದೆ-ತಾಯಿ ನಿಕಟ ಬಂಧುಗಳು. ಇವರಿಗೆ ವಾರ್ಷಿಕ ಮಿತಿ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವವರ ಪತ್ನಿ-ಮಕ್ಕಳು, ಪೌರರ ವಿವಾಹಿತ ಮಕ್ಕಳು, ಅಣ್ಣ-ತಮ್ಮ ಅಕ್ಕ-ತಂಗಿಯರು ಸರದಿಯ ಸಾಲಿನವರು. 1990ರ ಕಾಯ್ದೆಯಂತೆ ಈ ಸಾಲಿಗೆ ವರ್ಷಕ್ಕೆ ಕನಿಷ್ಠ 2,26,000 ಸ್ಥಾನಗಳು. ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚಿಲ್ಲ. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ಕೆಲವೇ ಲಕ್ಷ ಜನರ ದ್ವೀಪಕ್ಕೂ ಅದೇ ಅಳತೆ. ಇದರ ಫಲವಾಗಿ 2025ರಲ್ಲಿ ಸರದಿ ಬಂದದ್ದು, ಒಡಹುಟ್ಟಿದವರಿಗಾಗಿ 2006ರಲ್ಲಿ ಅರ್ಜಿ ಹಾಕಿದ ಭಾರತೀಯರಿಗೆ. ಅಕ್ಕ ತಮ್ಮನಿಗಾಗಿ ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ತಮ್ಮನ ಮಗ ಈಗ ಕಾಲೇಜಿನಲ್ಲಿದ್ದಾನೆ.

ನಮ್ಮ ಹೆಚ್ಚಿನ ಮಕ್ಕಳು ಹೋಗಿರುವುದು ಬಂಧುತ್ವದ ದಾರಿಯಿಂದಲ್ಲ, ಕೆಲಸದ ದಾರಿಯಿಂದ. ಅಲ್ಲಿಯೂ ಕುಟುಂಬ ಅಡಗಿದೆ. ಉದ್ಯೋಗದ ಮೇಲೆ ಕೊಡುವ ವರ್ಷದ 1,40,000 ಗ್ರೀನ್ ಕಾರ್ಡುಗಳಲ್ಲಿ ನೌಕರನ ಹೆಂಡತಿ-ಮಕ್ಕಳನ್ನೂ ಎಣಿಸಲಾಗುತ್ತದೆ. ನಾಲ್ವರ ಕುಟುಂಬ ನಾಲ್ಕು ಸ್ಥಾನಗಳನ್ನು ಕಳೆಯುತ್ತದೆ. ಎಂಜಿನಿಯರುಗಳ ಸಾಲಿನಲ್ಲಿ 2025ರ ಹೊತ್ತಿಗೆ 2013ರ ಆಸುಪಾಸಿನ ಅರ್ಜಿಗಳು ನಡೆದಿದ್ದವು. ಈ ಹನ್ನೆರಡು ವರ್ಷಗಳ ಕಾಯುವಿಕೆಯ ಭಾರ ಹೆಚ್ಚಾಗಿ ಬೀಳುವುದು ಹೆಣ್ಣಿನ ಮೇಲೆ. ಎಚ್-4 ವೀಸಾದ ಮೇಲೆ ಹೋದ ಸೊಸೆ ಎಷ್ಟೇ ಓದಿದ್ದರೂ ದುಡಿಯುವಂತಿರಲಿಲ್ಲ. 2015ರ ಮೇ 26ರಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿಯ ಒಂದು ಹಂತ ಮಂಜೂರಾಗಿದ್ದರೆ ಅಂಥವಳಿಗೆ ಪರವಾನಗಿ ದೊರೆಯುತ್ತಿದೆ. ಅದೂ ನಿಯಮದ ಬಲದಿಂದ ಬಂದುದೇ ಹೊರತು ಶಾಸನದ ಬಲದಿಂದಲ್ಲ. ನ್ಯಾಯಾಲಯಗಳಲ್ಲಿ ಅದನ್ನು ಪ್ರಶ್ನಿಸಿದವರೂ ಇದ್ದಾರೆ. ಎಂ.ಟೆಕ್. ಮುಗಿಸಿ ಇಲ್ಲಿ ಹಿಂಜವಡಿಯಲ್ಲಿ ದುಡಿಯುತ್ತಿದ್ದ ಹುಡುಗಿ ಅಲ್ಲಿ ಗಂಡನ ಕಾಗದಪತ್ರದ ನೆರಳಾಗಿ ಬದುಕಬೇಕಾಗುವುದೆಂಬುದನ್ನು ನಿಶ್ಚಿತಾರ್ಥದ ದಿನ ಯಾರೂ ಆಡುವುದಿಲ್ಲ.

ಇಲ್ಲೊಂದು ವಿಚಿತ್ರವನ್ನು ಕನ್ಯಾಪಿತೃಗಳು ತಿಳಿದಿರಬೇಕು. ವರನಿಗೆ ಗ್ರೀನ್ ಕಾರ್ಡ್ ಇದೆಯೆಂದರೆ ನಮ್ಮಲ್ಲಿ ಅವನ ಬೆಲೆ ಏರುತ್ತದೆ. ಆದರೆ ತಾತ್ಪೂರ್ತಿಕ ಕೆಲಸದ ವೀಸಾದಲ್ಲಿರುವ ಹುಡುಗ ಹೆಂಡತಿಯನ್ನು ಕೆಲವು ತಿಂಗಳಲ್ಲಿ ಕರೆಸಿಕೊಳ್ಳಬಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಮದುವೆಯಾದವನ ಹೆಂಡತಿ ಸರದಿಗಾಗಿ ವರ್ಷಗಟ್ಟಲೆ ತವರಿನಲ್ಲಿ ಕಾಯಬೇಕಾಗಬಹುದು. ಈ ಅನ್ಯಾಯವನ್ನು ಕಂಡೇ 2000ದ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಅಂಥ ಪತ್ನಿಯರಿಗಾಗಿ ವಿಶೇಷ ವೀಸಾ ಒಂದನ್ನು ಮಾಡಿತು. ಆದರೆ ಅದು ಆ ತಿಂಗಳಿನವರೆಗೆ ಅರ್ಜಿ ಬಂದಿದ್ದವರಿಗಷ್ಟೇ ಮೀಸಲು. ಅವನೇ ಪೌರನಾದರೆ ಹೆಂಡತಿಗೆ ಸರದಿಯಿಲ್ಲ. ಹೀಗೆ ಒಂದೇ ತಾಳಿಗೆ ಗಂಡನ ಕಾಗದದಂತೆ ಮೂರು ಬೆಲೆ. ವರನ ಜಾತಕ ನೋಡುವವರು ಅವನ ವೀಸಾದ ವರ್ಗವನ್ನೂ ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಮದುವೆಯ ಆಧಾರದ ಮೇಲೆ ಗ್ರೀನ್ ಕಾರ್ಡ್ ಪಡೆಯುವಾಗ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ದೊರೆಯುವುದು ಷರತ್ತಿನ ಕಾರ್ಡ್. ಆ ಕಾರ್ಡಿಗೆ ಎರಡು ವರ್ಷ ತುಂಬುವ ಮುನ್ನ ದಂಪತಿಗಳಿಬ್ಬರೂ ಸೇರಿ ಷರತ್ತನ್ನು ತೆಗೆಯಲು ಅರ್ಜಿ ಹಾಕಬೇಕು. ಸುಳ್ಳು ಮದುವೆಗಳನ್ನು ತಡೆಯಲು 1986ರಲ್ಲಿ ತಂದ ಈ ನಿಯಮ, ಕೆಟ್ಟ ಗಂಡನ ಕೈಗೆ ಬೆತ್ತವೂ ಆಗಿದೆ. ಗಂಡ ಸಹಿ ಹಾಕದಿದ್ದರೆ ಗತಿಯೇನೆಂದು ಹೆದರಿ ಏಟು ತಿಂದವರಿದ್ದಾರೆ. ಪೀಡನೆಗೆ ಒಳಗಾದ ಪತ್ನಿ ಗಂಡನ ಸಹಿಯಿಲ್ಲದೆ ತಾನೇ ಅರ್ಜಿ ಹಾಕಬಹುದು. 1994ರ ಕಾಯ್ದೆಯು ಪೀಡಿತೆಯರಿಗೆ ಇನ್ನೂ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಇನ್ನೊಂದು ಮಾತು. ಕುಟುಂಬವನ್ನು ಸ್ಪಾನ್ಸರ್ ಮಾಡುವವನು ಬಡತನದ ರೇಖೆಯ ಶೇಕಡಾ 125ರಷ್ಟಾದರೂ ಆದಾಯವನ್ನು ತೋರಿಸಿ, ಬಂದವರನ್ನು ಪೋಷಿಸುವ ಹೊಣೆಪತ್ರಕ್ಕೆ ಸಹಿ ಹಾಕುತ್ತಾನೆ. ಅದು ನ್ಯಾಯಾಲಯದಲ್ಲಿ ನಿಲ್ಲುವ ಕರಾರು. ವಿಚ್ಛೇದನವಾದರೂ ಆ ಹೊಣೆ ಅಳಿಯುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆಯನ್ನು ಬದಿಗಿಟ್ಟು, ಈ ಎರಡು ಸಂಗತಿಗಳನ್ನಾದರೂ ಬರೆದು ಮಗಳ ಕೈಗೆ ಕೊಟ್ಟು ವಿಮಾನ ಹತ್ತಿಸಬೇಕು.

ಮಕ್ಕಳ ವಿಷಯದಲ್ಲಿ ಕಾನೂನಿನ ಗಡಿಯಾರ ನಿರ್ದಯವಾದುದು. ಐದು ವರ್ಷದವನಾಗಿ ತಂದೆ-ತಾಯಿಯರೊಡನೆ ಹೋದ ಹುಡುಗ, ಸರದಿ ಬರುವ ಮೊದಲೇ 21 ತುಂಬಿದರೆ, ಕುಟುಂಬದಿಂದ ಉದುರುತ್ತಾನೆ. 2002ರ ಕಾಯ್ದೆಯೊಂದು ಅರ್ಜಿಯ ಪರಿಶೀಲನೆಗೆ ಹಿಡಿದ ದಿನಗಳನ್ನು ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟಿತು. ಅದೂ ಎಲ್ಲರನ್ನೂ ಉಳಿಸದು. ಕನ್ನಡವನ್ನು ಅಜ್ಜಿಯಿಂದ ಫೋನಿನಲ್ಲಿ ಕಲಿತು, ಮಿಕ್ಕೆಲ್ಲವನ್ನೂ ಅಲ್ಲಿಯೇ ಕಲಿತ ಆ ಹುಡುಗ, ತಾನು ಬೆಳೆದ ನೆಲದಲ್ಲೇ ವಿದ್ಯಾರ್ಥಿ ವೀಸಾ ಕೇಳುವ ಪರಕೀಯನಾಗುತ್ತಾನೆ.

ಇನ್ನು ನಮ್ಮ ನಿಗಡಿಯ ಮನೆಗಳನ್ನು ನೇರವಾಗಿ ತಟ್ಟುವ ಪ್ರಶ್ನೆ, ತಂದೆ-ತಾಯಿಯರದು. ಮಗ ಅಥವಾ ಮಗಳು ಅಲ್ಲಿನ ಪೌರತ್ವ ಪಡೆದೊಡನೆ ಹೆತ್ತವರಿಗೆ ಗ್ರೀನ್ ಕಾರ್ಡ್ ಮಾಡಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಅದನ್ನು ಉಳಿಸಿಕೊಳ್ಳುವುದರಲ್ಲಿ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬ ಲೆಕ್ಕ ನಮ್ಮ ಹಿರಿಯರಲ್ಲಿ ಪ್ರಿಯವಾದುದು. ಆದರೆ ಅದು ಕಾಯಂ ವಾಸದ ಕಾರ್ಡ್, ಪ್ರವಾಸದ ಪಾಸಲ್ಲ. ಒಂದು ವರ್ಷಕ್ಕೂ ಹೆಚ್ಚು ಹೊರಗಿದ್ದರೆ ಅದು ಕೈತಪ್ಪುವ ಸಂಭವವಿದೆ. ಮೊದಲೇ ಮರುಪ್ರವೇಶದ ಪರವಾನಗಿ ಪಡೆದರೂ ಅದಕ್ಕೆ ಎರಡು ವರ್ಷಗಳ ಮಿತಿ. ಕಾರ್ಡ್ ಕೈಗೆ ಬಂದವರು ಅಲ್ಲಿನ ತೆರಿಗೆಯ ದೃಷ್ಟಿಯಲ್ಲಿ ನಿವಾಸಿಗಳು. ಇಲ್ಲಿನ ಪಿಂಚಣಿ, ಠೇವಣಿಯ ಬಡ್ಡಿ, ಮನೆಯ ಬಾಡಿಗೆ ಎಲ್ಲವನ್ನೂ ಅಲ್ಲಿ ಘೋಷಿಸಬೇಕು. ಇಲ್ಲಿನ ಬ್ಯಾಂಕ್ ಖಾತೆಗಳ ಮೊತ್ತ ಒಟ್ಟು 10,000 ಡಾಲರ್ ದಾಟಿದರೆ ಅದನ್ನು ಪ್ರತ್ಯೇಕವಾಗಿ ತಿಳಿಸಬೇಕು. ಎರಡು ಬಾರಿ ತೆರಿಗೆ ಬೀಳದಂತೆ ಉಭಯ ದೇಶಗಳ ನಡುವೆ ಒಪ್ಪಂದವಿದೆಯಾದರೂ ಲೆಕ್ಕ ಒಪ್ಪಿಸುವ ಶ್ರಮ ತಪ್ಪುವುದಿಲ್ಲ. ಇನ್ನು ವೈದ್ಯಕೀಯ: ಅಲ್ಲಿ ದುಡಿದಿರದ ವೃದ್ಧರು 65 ದಾಟಿ, ಐದು ವರ್ಷ ಸತತವಾಗಿ ವಾಸವಾಗಿದ್ದ ಮೇಲೆ ಮಾತ್ರ ಸರಕಾರಿ ವಿಮೆಯನ್ನು ಕಂತು ಕಟ್ಟಿ ಪಡೆಯಬಹುದು. ಅಲ್ಲಿಯವರೆಗೆ ಪ್ರತಿ ಜ್ವರವೂ ಮಗನ ಜೇಬಿನ ಮೇಲೆ. ಇಲ್ಲಿ ಕೇಂದ್ರ ಸರಕಾರದ ಆರೋಗ್ಯ ಯೋಜನೆಯ ಚೀಟಿ ಇರುವ ನಿವೃತ್ತರು ಈ ತಕ್ಕಡಿಯನ್ನು ಎರಡು ಸಲ ತೂಗಿ ನೋಡಬೇಕು.

ಮುಂದೆ ಹೋಗಿ ಪೌರತ್ವವನ್ನೇ ತೆಗೆದುಕೊಂಡರೆ, 1955ರ ಪೌರತ್ವ ಕಾಯ್ದೆಯಂತೆ ಭಾರತದ ಪೌರತ್ವ ಆ ಕ್ಷಣವೇ ಹೋಗುತ್ತದೆ. ಸಾಗರೋತ್ತರ ಪೌರತ್ವದ ಕಾರ್ಡ್ ಬಂದು-ಹೋಗಲು ಅನುಕೂಲವೇ ಹೊರತು ಮತದಾನದ ಹಕ್ಕನ್ನು ಕೊಡುವುದಿಲ್ಲ. ಹೊಲ-ತೋಟಗಳನ್ನು ಕೊಳ್ಳಲು ಬಿಡುವುದಿಲ್ಲ, ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದಷ್ಟೆ. ಇಂಡಿ, ಅಥಣಿಯ ಕಡೆ ನಾಲ್ಕೆಕರೆ ಹೊಲ ಉಳಿಸಿಕೊಂಡವರು ಇದನ್ನು ಮರೆಯಬಾರದು. ಇನ್ನೂ ಒಂದು ಸೂಕ್ಷ್ಮವಿದೆ. ಹೆತ್ತವರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ವಿದೇಶದಲ್ಲಿರುವ ಭಾರತೀಯ ನಾಗರಿಕರಿಗೂ ಅನ್ವಯಿಸುತ್ತದೆಂದು ತನ್ನ ಮೊದಲ ಕಲಮಿನಲ್ಲೇ ಹೇಳಿದೆ. ಮಗ ಪರದೇಶದ ಪೌರನಾದ ದಿನ ಆ ಮಾತಿನ ವ್ಯಾಪ್ತಿಯಿಂದ ಹೊರಗೆ ಹೋಗುತ್ತಾನೆ. ಆ ಮೇಲೆ ಉಳಿಯುವುದು ಕಾನೂನಲ್ಲ, ಋಣ.

ಬೇರೆ ದೇಶಗಳು ಹೆತ್ತವರ ವಿಷಯದಲ್ಲಿ ಇನ್ನಷ್ಟು ಬಿಗಿ. ಕೆನಡಾದಲ್ಲಿ ತಂದೆ-ತಾಯಿಯರನ್ನು ಕರೆಸಿಕೊಳ್ಳಲು ಚೀಟಿ ಎತ್ತುವ ಪದ್ಧತಿ ಇದ್ದು, ಬಹುತೇಕ ಪ್ರಾಂತಗಳಲ್ಲಿ ಸ್ಪಾನ್ಸರ್ ಮಾಡಿದವರ ಹೊಣೆ 20 ವರ್ಷ. 2025ರಲ್ಲಿ ಹೊಸ ಅರ್ಜಿಗಳನ್ನು ತಡೆಹಿಡಿದು, ದೀರ್ಘಾವಧಿಯ ಸೂಪರ್ ವೀಸಾದತ್ತ ಬೆರಳು ತೋರಿಸಲಾಯಿತು. ಬ್ರಿಟನ್ನಿನಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಬೇಕಾದ ವಾರ್ಷಿಕ ಆದಾಯವನ್ನು 2012ರಲ್ಲಿ 18,600 ಪೌಂಡಿಗೆ ನಿಗದಿಪಡಿಸಿ, 2024ರ ಏಪ್ರಿಲಿನಲ್ಲಿ 29,000 ಪೌಂಡಿಗೆ ಏರಿಸಿದರು. ವೃದ್ಧ ತಾಯಿ-ತಂದೆಗಂತೂ ಅಲ್ಲಿ 2012ರಿಂದ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಗಂಡ, ಹೆಂಡತಿ, ಎಳೆಯ ಮಕ್ಕಳು: ಇಷ್ಟೇ ಕುಟುಂಬವೆಂಬುದು ಆ ಸಮಾಜಗಳ ಕಲ್ಪನೆ. ತಾಯಿಯನ್ನು 'ಅವಲಂಬಿತ ಬಂಧು' ಎಂದು ಕರೆಯುವ ಕಾಗದದ ಮೇಲೆ ನಮ್ಮ ಮಕ್ಕಳು ಸಹಿ ಮಾಡುತ್ತಿದ್ದಾರೆ. ಪರದೇಶ ತನ್ನ ಬಾಗಿಲಿನ ನಿಯಮವನ್ನು ತಾನೇ ಮಾಡಿಕೊಳ್ಳುವುದು ಅದರ ಹಕ್ಕು. ಅದನ್ನು ದೂರಿ ಫಲವಿಲ್ಲ. ಆದರೆ ಆ ವ್ಯಾಖ್ಯೆ ಸದ್ದಿಲ್ಲದೆ ನಮ್ಮ ಮನಸ್ಸಿನೊಳಗೂ ಬಂದು ಕೂರುತ್ತಿರುವುದನ್ನು ನಾವು ಗಮನಿಸಬೇಕು.

ಸಂಘದಿಂದ ಆಗಬಹುದಾದ ಕೆಲಸವೇನು? ಮೊದಲನೆಯದು ಕಾಗದಪತ್ರದ ನೆರವು. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮ ರೂಢಿ. ಆದ್ದರಿಂದ ಪುಣೆಯಲ್ಲಿ ಬೆಳೆದ ಹುಡುಗನ ಜನನ ದಾಖಲೆ ಸಿಂದಗಿಯಲ್ಲೋ ಕುಂದಾಪುರದಲ್ಲೋ ಕನ್ನಡದಲ್ಲಿರುತ್ತದೆ. ಎಷ್ಟೋ ಕಡೆ ಮಗುವಿನ ಹೆಸರಿನ ಜಾಗ ಖಾಲಿ. ಹಳೆಯ ತಲೆಮಾರಿನ ಅರ್ಧ ಜನ ಶಾಲಾ ದಾಖಲೆಯ ಪ್ರಕಾರ ಜೂನ್ ಒಂದರಂದೇ ಹುಟ್ಟಿದವರು! ಹೆಸರಿನ ಗೊಂದಲವಂತೂ ಹೇಳತೀರದು. ಉತ್ತರ ಕರ್ನಾಟಕದವರಿಗೆ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಮೈಸೂರು ಕಡೆಯವರಿಗೆ ಬರೀ ಇನಿಷಿಯಲ್ಲು. ಇಲ್ಲಿಗೆ ಬಂದ ಸೊಸೆಗೆ ಮಹಾರಾಷ್ಟ್ರದ ಪದ್ಧತಿಯಂತೆ ಗಂಡನ ಹೆಸರು ಸೇರುತ್ತದೆ. ಒಬ್ಬಳೇ ಹೆಣ್ಣುಮಗಳು ಮೂರು ದಾಖಲೆಗಳಲ್ಲಿ ಮೂವರಾಗಿ ನಿಂತರೆ ಮುಂಬಯಿಯ ಕಾನ್ಸುಲೇಟಿನ ಅಧಿಕಾರಿಗೆ ಸಂಶಯ ಬಾರದಿದ್ದೀತೇ? ಹಳೆಯ ಮದುವೆಗಳಲ್ಲಿ ಎಷ್ಟೋ ನೋಂದಣಿಯಾಗಿಲ್ಲ. ಕರ್ನಾಟಕದಲ್ಲಿ 1976ರ, ಮಹಾರಾಷ್ಟ್ರದಲ್ಲಿ 1998ರ ಕಾಯ್ದೆ ಅದಕ್ಕಾಗಿಯೇ ಇವೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನೋಂದಣಿ ಕಡ್ಡಾಯವಾಗಬೇಕೆಂದಿದೆ. ತಿಂಗಳಿಗೆ ಎರಡು ಭಾನುವಾರ ಇಂಥ ಕಾಗದಗಳನ್ನು ಓದಿ, ತರ್ಜುಮೆ ಮಾಡಿ, ತಿದ್ದುಪಡಿಯ ದಾರಿ ಹೇಳಲು ನಮ್ಮ ನಿವೃತ್ತ ಸದಸ್ಯರು ಮುಂದೆ ಬಂದರೆ, ದಲ್ಲಾಳಿಗಳ ಬಾಗಿಲು ಕಾಯುವುದು ತಪ್ಪುತ್ತದೆ. ಕನ್ನಡ ಬಲ್ಲವರಿಗೆ ಪುಣೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಸೇವೆ ಬೇರೊಂದಿರಲಾರದು.

ಎರಡನೆಯದು ಸರಕಾರಗಳನ್ನು ಕುರಿತದ್ದು. ಪರದೇಶಿ ಗಂಡಂದಿರಿಂದ ಪರಿತ್ಯಕ್ತರಾದ ಹೆಣ್ಣುಮಕ್ಕಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ವಿಭಾಗವಿದೆ. ಅನಿವಾಸಿಗಳ ಮದುವೆಯನ್ನು 30 ದಿನಗಳಲ್ಲಿ ನೋಂದಾಯಿಸುವ ಮಸೂದೆ 2019ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. 2024ರಲ್ಲಿ ಕಾನೂನು ಆಯೋಗವೂ ಸಮಗ್ರ ಕಾಯ್ದೆ ಬೇಕೆಂದು ವರದಿ ಕೊಟ್ಟಿತು. ಮಾತುಕತೆಯ ಮೇಜಿನಲ್ಲಿ ನಮ್ಮ ಸರಕಾರ ಎಂಜಿನಿಯರುಗಳ ವೀಸಾದ ಸಂಖ್ಯೆಗಾಗಿ ಪಟ್ಟು ಹಿಡಿಯುವಷ್ಟು ಅವರ ಹೆಂಡತಿಯರ ದುಡಿಮೆಯ ಹಕ್ಕಿಗಾಗಿ, ವಯಸ್ಸು ಮೀರಿ ಉದುರುವ ಮಕ್ಕಳಿಗಾಗಿ ಹಿಡಿಯಬೇಕು. ಕರ್ನಾಟಕ ಸರಕಾರ ಹಳೆಯ ಜನನ ದಾಖಲೆಗಳನ್ನೆಲ್ಲ ಗಣಕಕ್ಕೆ ಏರಿಸಿ, ಹೊರನಾಡಿನಿಂದಲೇ ಪ್ರತಿ ಪಡೆಯುವ ವ್ಯವಸ್ಥೆಯನ್ನು ಪೂರ್ಣಗೊಳಿಸಬೇಕು.

ಮೂರನೆಯದು ಯಾವ ಸರಕಾರವೂ ಮಾಡಲಾಗದ್ದು. ಮಕ್ಕಳು ಕರೆಸಿಕೊಳ್ಳಲಾರದ, ಅಥವಾ ಕರೆದರೂ ಹೋಗಲೊಲ್ಲದ ಹಿರಿಯರು ಪ್ರಾಧಿಕರಣದ ದೊಡ್ಡ ಮನೆಗಳಲ್ಲಿ ಇಬ್ಬಿಬ್ಬರಾಗಿ, ಒಬ್ಬೊಬ್ಬರಾಗಿ ಉಳಿದಿದ್ದಾರೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಕ್ಯಾಲಿಫೋರ್ನಿಯದಲ್ಲಿರುವ ಮಗ ಫೋನಿನಲ್ಲಿ ಅಳಬಲ್ಲ. ಆಸ್ಪತ್ರೆಗೆ ಒಯ್ಯಬೇಕಾದವರು ನೆರೆಯವರು. ಸೆಕ್ಟರಿಗೊಂದು ಸಣ್ಣ ಬಳಗ, ಅದರಲ್ಲಿ ಗಾಡಿ ಇರುವ ಇಬ್ಬರು ತರುಣರು, ಮನೆಯ ಒಂದು ಬೀಗದಕೈ, ವೈದ್ಯರ ಚೀಟಿಯ ಒಂದು ಪ್ರತಿ: ಇಷ್ಟಾದರೆ ಸಾಕು. ಇದರಲ್ಲಿ ಕನ್ನಡ-ಮರಾಠಿ ಎಂಬ ಭೇದವೂ ಬೇಡ. ಪಕ್ಕದ ಮನೆಯ ಮರಾಠಿ ಆಜಿ-ಆಜೋಬರ ಮಗನೂ ಅದೇ ಸಾಲಿನಲ್ಲಿ ನಿಂತಿದ್ದಾನೆ.

ನಮ್ಮ ತಂದೆ-ತಾಯಿಯರನ್ನು ಊರಿನಲ್ಲಿ ಬಿಟ್ಟು ನಾವು ಪುಣೆಗೆ ಬಂದೆವು. ನಮ್ಮನ್ನು ಪುಣೆಯಲ್ಲಿ ಬಿಟ್ಟು ಮಕ್ಕಳು ಮುಂದೆ ಹೋದರು. ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ. ಹೋದವರಿಗೆ ಅಲ್ಲಿ ಕುಟುಂಬ ಕೂಡಿಬರಲಿ ಎಂದು ಹಾರೈಸೋಣ, ಅದಕ್ಕೆ ಬೇಕಾದ ಕಾಗದವನ್ನು ತಿದ್ದಿಕೊಡೋಣ. ಇಲ್ಲಿ ಉಳಿದವರು ಒಬ್ಬರಿಗೊಬ್ಬರು ಕುಟುಂಬವಾಗಲು ಮಾತ್ರ ಯಾವ ಅರ್ಜಿಯೂ, ಯಾವ ಸರದಿಯೂ ಬೇಕಿಲ್ಲ. ಸಂಘದ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಎರಡು ಕೆಲಸಗಳಿಗೆ ಹೆಸರು ಕೊಡುವವರಿಗಾಗಿ ವಹಿಯ ಒಂದು ಪುಟವನ್ನು ತೆರೆದಿಡುತ್ತೇವೆ.